ಹುಂಜದ ಕೂಗು, ಪಕ್ಕದ ಮನೆಯ ನಿದ್ದೆ

ಫ್ರಾನ್ಸಿನ ಪಶ್ಚಿಮ ಕರಾವಳಿಯ ಓಲೆರಾನ್ ದ್ವೀಪದಲ್ಲಿ ಮೊರೀಸ್ ಎಂಬ ಹುಂಜವೊಂದಿತ್ತು. ಬೆಳಗಿನ ಹೊತ್ತು ಅದು ಕೂಗಿ ನಿದ್ದೆ ಕೆಡಿಸುತ್ತದೆ ಎಂದು ಪಕ್ಕದ ಮನೆಯವರು ಕೋರ್ಟಿಗೆ ಹೋದರು. ಅವರು ಬೇರೆ ಊರಿನ ನಿವೃತ್ತ ದಂಪತಿ; ರಜೆಯ ದಿನಗಳಿಗೆಂದು ದ್ವೀಪದಲ್ಲಿ ಮನೆ ಮಾಡಿಕೊಂಡಿದ್ದರು. ಹುಂಜದ ಒಡತಿ ಗೂಡಿನ ಸುತ್ತ ಕಪ್ಪು ಬಟ್ಟೆ ಕಟ್ಟಿ ನೋಡಿದರು. ಕೂಗು ನಿಲ್ಲಲಿಲ್ಲ. ಅಧಿಕಾರಿಯೊಬ್ಬರು ಬಂದು ಕೂತು ಕೇಳಿ, ಬೆಳಿಗ್ಗೆ ಆರೂವರೆಯಿಂದ ಏಳರ ನಡುವೆ ಹುಂಜ ಬಿಟ್ಟು ಬಿಟ್ಟು ಕೂಗುತ್ತದೆ ಎಂದು ಬರೆದುಕೊಂಡು ಹೋದರು. 2019ರ ಸೆಪ್ಟೆಂಬರ್ 5ರಂದು ರೋಶ್‌ಫೋರ್ ಪಟ್ಟಣದ ನ್ಯಾಯಾಲಯ ದೂರನ್ನು ತಳ್ಳಿಹಾಕಿತು. ಅಷ್ಟೇ ಅಲ್ಲ, ದೂರು ಕೊಟ್ಟವರೇ ಒಡತಿಗೆ 1,000 ಯೂರೋ ಪರಿಹಾರ ಕೊಡಬೇಕು ಎಂದಿತು.

ತೀರ್ಪಿನ ಹೊತ್ತಿಗೆ ಮೊರೀಸ್ ಇಡೀ ದೇಶದ ಹುಂಜವಾಗಿತ್ತು. ಹುಂಜ ಫ್ರಾನ್ಸಿನ ಲಾಂಛನ ಬೇರೆ. ಅದೇ ವರ್ಷ ಮೇ ತಿಂಗಳಲ್ಲಿ ಗಜಾಕ್ ಎಂಬ ಸಣ್ಣ ಹಳ್ಳಿಯ ಮೇಯರ್ ಬ್ರುನೋ ದಿಯೋನಿ ದ್ಯು ಸೆಜೂರ್ ಬಹಿರಂಗ ಪತ್ರ ಬರೆದು, ಚರ್ಚಿನ ಗಂಟೆ, ಹಸುವಿನ ಕೂಗು, ಹುಂಜದ ಕೂಗು ಇವೆಲ್ಲ ರಾಷ್ಟ್ರೀಯ ಪರಂಪರೆಯೆಂದು ಘೋಷಣೆಯಾಗಬೇಕು ಎಂದು ಕೇಳಿದ್ದರು. 2021ರ ಜನವರಿ 29ರಂದು ಅಂಥದೊಂದು ಕಾನೂನೇ ಬಂತು. ಹಳ್ಳಿಗಾಡಿನ ಸದ್ದು ಮತ್ತು ವಾಸನೆಗಳೂ ರಾಷ್ಟ್ರದ ಸಾಮೂಹಿಕ ಪರಂಪರೆಯ ಭಾಗ ಎಂದು ಪರಿಸರ ಸಂಹಿತೆಯಲ್ಲಿ ಸೇರಿತು. ಅಷ್ಟರಲ್ಲಿ ಮೊರೀಸ್ ಸತ್ತುಹೋಗಿತ್ತು. 2024ರಲ್ಲಿ ಇನ್ನೊಂದು ಕಾನೂನು ಬಂದು, ನೆರೆಯವರು ಬಂದು ನೆಲೆಸುವ ಮೊದಲೇ ನಿಯಮಬದ್ಧವಾಗಿ ನಡೆಯುತ್ತಿದ್ದ ಚಟುವಟಿಕೆಯ ಮೇಲೆ ಅವರು ಪರಿಹಾರ ಕೇಳುವ ದಾರಿಯನ್ನು ಕಿರಿದು ಮಾಡಿತು.

ಮೊರೀಸ್ ಪರವಾದ ತೀರ್ಪನ್ನು ಹಳ್ಳಿಯ ಗೆಲುವು, ಪಟ್ಟಣದವರ ಸೋಲು ಎಂದು ಸಂಭ್ರಮಿಸಿದವರು ಬಹಳ. ಅಂದು ಮೊರೀಸ್ ತನ್ನ ಗೂಡಿನಲ್ಲೇ ಉಳಿದದ್ದಕ್ಕೆ ನನಗೂ ಸಂತೋಷವೇ. ಆದರೆ ಗೆಲುವು ಸೋಲಿನ ಭಾಷೆಯಲ್ಲಿ ನೋಡಿದರೆ ಪಕ್ಕದ ಮನೆಯವರ ನಿದ್ದೆಯ ಪ್ರಶ್ನೆ ಹಾಗೇ ಉಳಿದುಬಿಡುತ್ತದೆ. ಉಳಿದ ಪ್ರಶ್ನೆ ಎಲ್ಲಿಗೆ ಹೋಗಿ ಮುಟ್ಟಬಹುದು ಎನ್ನುವುದಕ್ಕೂ ಫ್ರಾನ್ಸಿನಲ್ಲೇ ಉದಾಹರಣೆಯಿದೆ. 2020ರ ಮೇ ತಿಂಗಳಲ್ಲಿ ಆರ್ದೇಶ್ ಪ್ರಾಂತ್ಯದ ವಿಂಜಿಯೂ ಹಳ್ಳಿಯಲ್ಲಿ ಮಾರ್ಸೆಲ್ ಎಂಬ ಹುಂಜವನ್ನು ಅದರ ಕೂಗು ತಡೆಯಲಾರದ ನೆರೆಮನೆಯವನೊಬ್ಬ ಕೊಂದುಹಾಕಿದ. ಆ ವರ್ಷದ ಕೊನೆಗೆ ಅವನಿಗೆ ಐದು ತಿಂಗಳ ಜೈಲುಶಿಕ್ಷೆಯಾಯಿತು; ಅದನ್ನು ಅಮಾನತಿನಲ್ಲಿ ಇಡಲಾಯಿತು.

ಕೂಗಿದ್ದಕ್ಕೇ ಸತ್ತ ಹುಂಜಗಳು ಕನ್ನಡಕ್ಕೆ ಹೊಸವಲ್ಲ. ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯಲ್ಲಿ ಬಲಿಗೆಂದು ಮಾಡಿದ್ದು ಹಿಟ್ಟಿನ ಹುಂಜ. ಕತ್ತಿ ಬಿದ್ದಾಗ ಅದು ಕೂಗಿಬಿಡುತ್ತದೆ. ಹಿಟ್ಟು ಕತ್ತರಿಸಿದೆ ಎಂದುಕೊಂಡ ರಾಜನಿಗೆ ಕೊಲೆಯ ಪಾಪ ತಗಲುವುದು ಅಲ್ಲಿಂದ. ಆ ರಾಜನೂ ಬಲಿಗೆ ಒತ್ತಾಯಿಸಿದ ಅವನ ತಾಯಿಯೂ ಜನ್ಮ ಜನ್ಮಗಳಲ್ಲಿ ತೊಳಲಿ ಕೊನೆಗೆ ಕೋಳಿಗಳಾಗಿ ಹುಟ್ಟಿ, ಧರ್ಮೋಪದೇಶ ಕೇಳಿದ ಹಿಗ್ಗಿನಲ್ಲಿ ಕೂಗುತ್ತಾರೆ. ಸದ್ದು ಬಂದ ಕಡೆಗೆ ಬಾಣ ಬಿಟ್ಟ ಇನ್ನೊಬ್ಬ ರಾಜನಿಗೆ ಅವರು ಬಲಿಯಾಗುತ್ತಾರೆ. ಆ ಕಾವ್ಯದಲ್ಲಿ ಕೂಗೇ ಜೀವದ ಗುರುತು. ಕೂಗಬೇಡ ಎಂದು ಹುಂಜಕ್ಕೆ ಹೇಳುವುದೂ ಬದುಕಬೇಡ ಎಂದು ಹೇಳುವುದೂ ಹೆಚ್ಚುಕಡಿಮೆ ಒಂದೇ ಎಂಬ ತಿಳಿವಳಿಕೆ ನಮ್ಮಲ್ಲಿ ಎಂಟು ನೂರು ವರ್ಷಗಳಿಂದ ಇದೆ.

ವಿಜ್ಞಾನ ಹೇಳುವುದೂ ಇದಕ್ಕೆ ದೂರವಲ್ಲ. ಬೆಳಕು ಕಂಡು ಹುಂಜ ಕೂಗುತ್ತದೆ ಎಂದು ನಾವು ತಿಳಿದಿದ್ದೇವೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ತ್ಸುಯೋಶಿ ಶಿಮ್ಮುರಾ ಮತ್ತು ತಕಾಶಿ ಯೋಶಿಮುರಾ 2013ರಲ್ಲಿ ತೋರಿಸಿದ್ದು ಬೇರೆ. ಹಗಲು ರಾತ್ರಿ ಒಂದೇ ಸಮನೆ ಮಂಕು ಬೆಳಕಿದ್ದ ಕೋಣೆಯಲ್ಲಿಟ್ಟರೂ ಹುಂಜಗಳು ದಿನಕ್ಕೊಮ್ಮೆ ತಮ್ಮ ಹೊತ್ತಿಗೆ ಸರಿಯಾಗಿ ಕೂಗುತ್ತಿದ್ದವು. ಗಡಿಯಾರ ಮೈಯೊಳಗೇ ಇದೆ. ಬೆಳಕು ಹರಿಯುವುದಕ್ಕೆ ಸುಮಾರು ಎರಡು ಗಂಟೆ ಮೊದಲೇ ಕೂಗು ಶುರುವಾಗುವುದು ಅದಕ್ಕೇ. ಬೆಳಕೂ ಇನ್ನೊಂದು ಹುಂಜದ ಕೂಗೂ ಅದಕ್ಕೆ ಕುಮ್ಮಕ್ಕು ಕೊಡುತ್ತವೆ, ನಿಜ. ಆದರೆ ಅವೆರಡನ್ನೂ ತಡೆದರೂ ಒಳಗಿನ ಗಡಿಯಾರ ನಿಲ್ಲುವುದಿಲ್ಲ. ಓಲೆರಾನಿನ ಒಡತಿಯ ಕಪ್ಪು ಬಟ್ಟೆ ಏಕೆ ಕೆಲಸ ಮಾಡಲಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ. 2015ರಲ್ಲಿ ಅದೇ ತಂಡ ಇನ್ನೊಂದು ಸಂಗತಿ ಕಂಡುಕೊಂಡಿತು. ಗುಂಪಿನಲ್ಲಿ ಮೊದಲು ಕೂಗುವುದು ಯಜಮಾನ ಹುಂಜ; ಮಿಕ್ಕವು ತಮ್ಮ ತಮ್ಮ ಅಂತಸ್ತಿನ ಪ್ರಕಾರ ಒಂದರ ನಂತರ ಒಂದು ಕೂಗುತ್ತವೆ. ಯಜಮಾನನನ್ನು ಅಲ್ಲಿಂದ ತೆಗೆದರೆ ಎರಡನೆಯದು ಮೊದಲು ಕೂಗತೊಡಗುತ್ತದೆ. ಗಲಾಟೆ ಮಾಡುವ ಹುಂಜವೊಂದನ್ನು ಮಾರಿ ನೆಮ್ಮದಿಯಾಗಿರಬಹುದು ಎಂದುಕೊಂಡವರು ಇದನ್ನು ನೆನಪಿಡಬೇಕು.

ಇನ್ನು ಸದ್ದಿನ ಲೆಕ್ಕ. ಬೆಲ್ಜಿಯಂನ ವಿಜ್ಞಾನಿಗಳು ಅಳೆದಂತೆ, ಒಂದು ಮೀಟರ್ ದೂರದಲ್ಲಿ ಹುಂಜದ ಕೂಗು 100 ಡೆಸಿಬಲ್ ದಾಟುತ್ತದೆ. ಅದರ ಕಿವಿಯ ಬಾಯಲ್ಲಿ 140ಕ್ಕೂ ಮೇಲೆ. ಕೂಗಲು ಕೊಕ್ಕು ಅಗಲಿಸಿದಾಗ ಕಿವಿಯ ನಾಳ ತಾನಾಗಿ ಮುಚ್ಚಿಕೊಳ್ಳುವುದರಿಂದ ಹುಂಜ ಕಿವುಡಾಗದೆ ಉಳಿಯುತ್ತದೆ. ಆ ಸೌಲಭ್ಯ ಪಕ್ಕದ ಮನೆಯವರಿಗಿಲ್ಲ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಹತ್ತು ಮೀಟರಿಗೆ 80, ನೂರು ಮೀಟರಿಗೆ 60. ತೋಟದ ಮನೆಯಲ್ಲಿ ಗೂಡಿಗೂ ಪಕ್ಕದವರ ಕಿಟಕಿಗೂ ನೂರು ಮೀಟರ್ ಇರುವುದು ದೊಡ್ಡ ಮಾತಲ್ಲ. ನಡುವೆ ಅಡಿಕೆ ಮರ, ಬೇಲಿ, ಹುಲ್ಲಿನ ಬಣವೆ. ಮೂವತ್ತು ನಲವತ್ತರ ಸೈಟಿನಲ್ಲಿ ತಾರಸಿಯ ಮೇಲಿನ ಗೂಡಿಗೂ ಪಕ್ಕದವರ ಮಲಗುವ ಕೋಣೆಯ ಕಿಟಕಿಗೂ ನಾಲ್ಕು ಮೀಟರ್ ಇದ್ದರೆ ಹೆಚ್ಚು. ಅಲ್ಲಿ ಅದೇ ಕೂಗು 88 ಡೆಸಿಬಲ್. ಸಾಲದ್ದಕ್ಕೆ ಎದುರುಬದುರು ಕಾಂಕ್ರೀಟ್ ಗೋಡೆಗಳು ಸದ್ದನ್ನು ಹಿಂದಕ್ಕೂ ಮುಂದಕ್ಕೂ ಎಸೆಯುತ್ತವೆ. ಹುಂಜ ಬದಲಾಗಿಲ್ಲ, ಗೂಡಿನ ಜಾಗ ಬದಲಾಗಿದೆ. ಈ ಜಗಳಗಳ ಬೇರು ಇರುವುದು ಅಲ್ಲಿ, ಹುಂಜದ ಗಂಟಲಲ್ಲಿ ಅಲ್ಲ ಎನ್ನುವುದು ನನ್ನ ಗಟ್ಟಿ ನಂಬಿಕೆ.

ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ ಮಿತಿ. ಆದರೆ ಇದು ಸರಾಸರಿಯ ಅಳತೆ. ಒಂದೆರಡು ಸೆಕೆಂಡಿನ ಕೂಗು ಸರಾಸರಿಯಲ್ಲಿ ಕರಗಿಹೋಗಬಹುದು. ನಿದ್ದೆಯಲ್ಲಿದ್ದವರಿಗೆ ಅದು ಕರಗುವುದಿಲ್ಲ. ಹಠಾತ್ತನೆ ಎಬ್ಬಿಸುವ ಸದ್ದಿಗೂ ಒಂದೇ ಸಮನೆ ಬರುವ ಸದ್ದಿಗೂ ಇರುವ ವ್ಯತ್ಯಾಸವನ್ನು ಡೆಸಿಬಲ್ ಸರಾಸರಿ ಹೇಳಲಾರದು. ಮುಂದಿನ ಕೂಗಿಗಾಗಿ ಕಾಯುತ್ತ ಮಲಗಿರುವುದು ಕೂಗಿಗಿಂತ ಹೆಚ್ಚಿನ ಹಿಂಸೆ ಎಂದು ಅನುಭವಿಸಿದವರು ಹೇಳುತ್ತಾರೆ. ಅದನ್ನು ನಾಜೂಕು ಎಂದು ತಳ್ಳಿಹಾಕುವುದು ತಪ್ಪು.

ತನ್ನ ಹುಂಜ ಕೂಗದಿದ್ದರೆ ಊರಿಗೆ ಬೆಳಗಾಗುವುದಿಲ್ಲ ಎಂದುಕೊಂಡ ಅಜ್ಜಿಯ ಕಥೆಯ ಊರಿನಲ್ಲಿ ಎಲ್ಲರೂ ಒಟ್ಟಿಗೆ ಮಲಗಿ ಒಟ್ಟಿಗೆ ಏಳುತ್ತಿದ್ದರು. ಹುಂಜ ಕೂಗಿದರೆ ಹಾಲು ಕರೆಯಬೇಕು, ಹೊಲಕ್ಕೆ ಹೊರಡಬೇಕು. ಈಗ ಒಂದೇ ಗೋಡೆಯ ಆಚೆ ಈಚೆ ಬೇರೆ ಬೇರೆ ರಾತ್ರಿಗಳಿವೆ. ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬಂದ ನರ್ಸು, ಎರಡು ಗಂಟೆಗೆ ಕ್ಯಾಬ್ ಇಳಿದು ಬಂದ ಹುಡುಗಿ, ಹಸುಗೂಸಿನ ಬಾಣಂತಿ. ಬೆಂಗಳೂರು ನುಂಗಿದ ಹಳ್ಳಿಗಳ ಗ್ರಾಮಠಾಣದಲ್ಲಿ ಇಂದಿಗೂ ಕೋಳಿ ಸಾಕುತ್ತಾರೆ. ಅದರ ಬೆನ್ನಿಗೇ ಅಪಾರ್ಟ್‌ಮೆಂಟು ಎದ್ದಿದೆ. ಯಾರು ಮೊದಲು ಬಂದವರು ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸುಲಭ. ಅದರಿಂದ ಆ ನರ್ಸಿಗೆ ನಿದ್ದೆ ಬರುವುದಿಲ್ಲವಷ್ಟೆ.

ಈ ವಿಷಯದಲ್ಲಿ ನನಗೆ ಫ್ರಾನ್ಸಿನ ತೀರ್ಪಿಗಿಂತ ಹೆಚ್ಚು ಹಿಡಿಸಿದ್ದು ಕೇರಳದ ಒಂದು ಆದೇಶ. ಪತ್ತನಂತಿಟ್ಟ ಜಿಲ್ಲೆಯ ಅಡೂರಿನ ಕಂದಾಯ ವಿಭಾಗಾಧಿಕಾರಿಯ ಬಳಿಗೆ ವಯಸ್ಸಾದವರೊಬ್ಬರು ದೂರು ತಂದರು. ಪಕ್ಕದ ಮನೆಯ ಹುಂಜ ಬೆಳಗಿನ ಜಾವ ಮೂರಕ್ಕೇ ಕೂಗುತ್ತದೆ, ಮೈ ಹುಷಾರಿಲ್ಲದ ತನಗೆ ನಿದ್ದೆಯಿಲ್ಲ ಎಂಬುದು ಅವರ ಅಳಲು. ಪರಿಶೀಲನೆ ನಡೆಯಿತು. ಗೂಡು ಇದ್ದದ್ದು ಪಕ್ಕದ ಮನೆಯ ಮಹಡಿಯ ಮೇಲೆ. ಅದನ್ನು 14 ದಿನಗಳೊಳಗೆ ಜಾಗದ ದಕ್ಷಿಣ ದಿಕ್ಕಿಗೆ ಸಾಗಿಸಿ ಎಂದು 2025ರ ಫೆಬ್ರವರಿಯಲ್ಲಿ ಆದೇಶವಾಯಿತು. ಹುಂಜವನ್ನು ಕೊಡಿ ಎನ್ನಲಿಲ್ಲ, ಸಹಿಸಿಕೊಳ್ಳಿ ಎಂದೂ ಹೇಳಲಿಲ್ಲ. ಗೂಡು ಸರಿಸಿ ಎಂದರು. ಇಂಥ ಅಧಿಕಾರ ನಮ್ಮ ಉಪವಿಭಾಗಾಧಿಕಾರಿಗಳಿಗೂ ಇದೆ. ಸಾರ್ವಜನಿಕರಿಗೆ ಉಪದ್ರವವಾಗುವುದನ್ನು ತೆರವು ಮಾಡಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಅವಕಾಶ ಕೊಡುತ್ತದೆ. ಅಲ್ಲಿವರೆಗೆ ಹೋಗಬೇಕಾಗಿ ಬಂದರೆ ಅಷ್ಟರಲ್ಲಿ ಎರಡು ಮನೆಗಳ ನಡುವಿನ ಮಾತು ಸತ್ತಿರುತ್ತದೆ ಎನ್ನುವುದೇ ಬೇಸರದ ಸಂಗತಿ.

ಗೂಡಿನ ಜಾಗ ಗೊತ್ತು ಮಾಡುವುದು ಸಾಕುವವರ ಕೈಯಲ್ಲಿದೆ, ಹಾಗಾಗಿ ಮೊದಲ ಹೊಣೆ ಅವರದು. ಗೂಡು ನೆಲದ ಮೇಲಿರಲಿ, ತಾರಸಿಯಲ್ಲಿ ಬೇಡ; ಎತ್ತರದಿಂದ ಬರುವ ಸದ್ದಿಗೆ ಅಡ್ಡ ಬರುವುದು ಏನೂ ಇಲ್ಲ. ಬೀದಿ ದೀಪದ ಬೆಳಕು ಬೀಳದ ಕಡೆ, ನೆರೆಯವರ ಕಿಟಕಿಗೆ ಬೆನ್ನು ಮಾಡಿ ಇಡಬೇಕು. ಹಳಬರು ಕತ್ತಲಾಗುತ್ತಲೇ ಕೋಳಿಗಳನ್ನು ಮಂಕರಿಯಡಿ ಮುಚ್ಚಿ ಮೇಲೊಂದು ಕಲ್ಲು ಹೇರುತ್ತಿದ್ದುದು ಕಾಡುಬೆಕ್ಕು, ಮುಂಗುಸಿಗಳ ಭಯಕ್ಕೆ. ಆದರೆ ಹಾಗೆ ಮುಚ್ಚಿದ ಕತ್ತಲೆಯಿಂದ ಕೂಗು ನಿಲ್ಲದಿದ್ದರೂ ಹೊರಗಿನ ಬೆಳಕಿನ ಕುಮ್ಮಕ್ಕು ತಪ್ಪುತ್ತದೆ. ಗಾಳಿಯಾಡುವಂತಿದ್ದು ದಪ್ಪ ಗೋಡೆಯಿರುವ ಗೂಡಿನಲ್ಲಿ ರಾತ್ರಿ ಕಳೆಯಲು ಬಿಟ್ಟು, ಬೆಳಿಗ್ಗೆ ಆರರ ಮೇಲೆ ತೆಗೆದರೆ ಪಕ್ಕದವರಿಗೆ ಎಷ್ಟೋ ನೆಮ್ಮದಿ. ಮೊಟ್ಟೆಯಷ್ಟೇ ಬೇಕಾದವರಿಗೆ ಹುಂಜವೇ ಬೇಕಿಲ್ಲ. ಹುಂಜವಿಲ್ಲದೆಯೂ ಹ್ಯಾಟೆ ಮೊಟ್ಟೆಯಿಡುತ್ತದೆ, ಮರಿಯಾಗುವುದಿಲ್ಲ ಅಷ್ಟೆ. ಕೂಗದಂತೆ ಕುತ್ತಿಗೆಗೆ ಬಿಗಿಯುವ ಪಟ್ಟಿಗಳು ಮಾರಾಟಕ್ಕಿವೆ. ದಯವಿಟ್ಟು ಅವನ್ನು ಕೊಳ್ಳಬೇಡಿ. ಹುಂಜ ಉಸಿರು ಕಟ್ಟಿ ಸಾಯಬಹುದು.

ನೆರೆಯವರಿಗೂ ಒಂದು ಕೆಲಸವಿದೆ. ಪೊಲೀಸರಿಗೆ ಫೋನು ಮಾಡುವ ಮೊದಲು, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಬರೆಯುವ ಮೊದಲು, ಹಗಲು ಹೊತ್ತಿನಲ್ಲಿ ಹೋಗಿ ಬಾಗಿಲು ತಟ್ಟಬೇಕು. ‘ಅಕ್ಕಾ, ನಿಮ್ಮ ಹುಂಜ ಕೂಗೋದು ನಮ್ಮ ರೂಮಿಗೇ ಬರುತ್ತೆ, ಗೂಡು ಆ ಕಡೆ ಇಡೋಕಾಗುತ್ತಾ?’ ಎಂದು ಕೇಳಿದರೆ ಒಲ್ಲೆ ಎನ್ನುವವರು ಕಡಿಮೆ. ಬೆಳಗಿನ ಜಾವ ಸಿಟ್ಟಿನಲ್ಲಿ ಕಾಂಪೌಂಡಿನ ಮೇಲಿಂದ ಕೂಗಿ ಹೇಳಿದ ಮಾತನ್ನು ಯಾರೂ ಮರೆಯುವುದಿಲ್ಲ.

ನಮ್ಮ ಊರುಗಳಿಗೇ ವಿಶೇಷವಾದ ಇನ್ನೊಂದು ಸಂದರ್ಭವಿದೆ, ಹರಕೆಯ ಹುಂಜ. ಮಾರಮ್ಮನ ಜಾತ್ರೆಗೋ ಮನೆದೇವರಿಗೋ ಬಿಟ್ಟ ಹುಂಜವನ್ನು ಮಾರುವಂತಿಲ್ಲ, ದಿನ ಬರುವವರೆಗೆ ಬೇರೆಯವರಿಗೆ ಕೊಡುವಂತಿಲ್ಲ. ಬಾಡಿಗೆ ಮನೆಯವರು ಅದನ್ನು ಮೆಟ್ಟಿಲ ಕೆಳಗೋ ತಾರಸಿಯ ನೀರಿನ ಟ್ಯಾಂಕಿನ ಪಕ್ಕವೋ ಕಟ್ಟಿ ಸಾಕುತ್ತಾರೆ. ಅವರಿಗೆ ಸರಿಸಲು ಬೇರೆ ಜಾಗವಿಲ್ಲ. ಇಂಥವರು ಹುಂಜ ತಂದ ದಿನವೇ ಅಕ್ಕಪಕ್ಕದ ಮನೆಗಳಿಗೆ ಹೋಗಿ, ಇದು ಹರಕೆಯದು, ಇಂಥ ತಾರೀಕಿಗೆ ಜಾತ್ರೆ, ಅಲ್ಲಿವರೆಗೆ ಮಾತ್ರ ಎಂದು ಹೇಳಿಬಿಡುವುದು ಒಳ್ಳೆಯದು. ಇಷ್ಟು ದಿನ ಎಂಬ ಲೆಕ್ಕ ಸಿಕ್ಕರೆ ಪಕ್ಕದವರು ಅಷ್ಟು ದಿನ ಕಿಟಕಿ ಮುಚ್ಚಿ ಮಲಗಿಯಾರು.