ಯಾರಿಗೂ ಬೇಡವಾದ ಯಂತ್ರ, ಯಾರೂ ಕೊಳ್ಳದ ರೆಕಾರ್ಡು

ಮದುವೆ ಮನೆಯ ಡಿಜೆ ಅಂದ್ರೆ ನಮ್ಮಲ್ಲಿ ಎರಡು ಪಕ್ಷ. ಒಂದು ಪಕ್ಷ ಕುಣಿಯುತ್ತೆ. ಇನ್ನೊಂದು ಪಕ್ಷ ಕಿವಿ ಮುಚ್ಚಿಕೊಂಡು ಊಟದ ಹಾಲ್ ಕಡೆ ಓಡುತ್ತೆ. ಓಡುವವರ ವಾದ ಒಂದೇ: ಇದರಲ್ಲಿ ಸಂಗೀತ ಎಲ್ಲಿದೆ ಸ್ವಾಮಿ? ಬರೀ ಧಡ್ ಧಡ್ ಧಡ್ ಧಡ್. ರಾಗ, ತಾಳದ ಸಂಗೀತವೇ ಬೇರೆ, ಈ ಗಲಾಟೆಯೇ ಬೇರೆ, ಎರಡೂ ಒಂದೇ ಸೂರಿನಡಿ ಬಾಳೋದು ಸಾಧ್ಯವೇ ಇಲ್ಲ ಅನ್ನೋದು ಅವರ ತೀರ್ಪು.

ಈ ಎರಡೂ ಪಕ್ಷದವರಿಗೆ ಇವತ್ತು ಒಬ್ಬರ ಪರಿಚಯ ಮಾಡಿಸಬೇಕು. ಹೆಸರು ಚರಣ್‌ಜಿತ್ ಸಿಂಗ್. ನೀವು ಹೆಸರು ಕೇಳಿರಲಿಕ್ಕಿಲ್ಲ, ಆದರೆ ಅವರು ನುಡಿಸಿದ್ದನ್ನು ಖಂಡಿತ ಕೇಳಿದ್ದೀರಿ. ಮುಂಬೈ ಚಿತ್ರರಂಗದಲ್ಲಿ ವರ್ಷಗಟ್ಟಲೆ ವಾದ್ಯವೃಂದದಲ್ಲಿ ಕೂತು ಗಿಟಾರ್, ಬೇಸ್, ಕೀಬೋರ್ಡ್ ನುಡಿಸಿದವರು. ಆರ್.ಡಿ. ಬರ್ಮನ್ ಅವರಂಥ ದಿಗ್ಗಜರ ಹಾಡುಗಳ ಹಿಂದೆ ಇದ್ದವರು. ಹಾಡಿದವರ ಹೆಸರು ಉಳಿಯುತ್ತೆ, ಸಂಗೀತ ನಿರ್ದೇಶಕರ ಹೆಸರು ಉಳಿಯುತ್ತೆ. ಹಿಂದಿನ ಸಾಲಲ್ಲಿ ಕೂತು ಬೇಸ್ ಮೀಟಿದವರ ಹೆಸರು ಯಾವ ಪೋಸ್ಟರ್‌ನಲ್ಲೂ ಬರಲ್ಲ. ಸಂಜೆ ಹೊತ್ತು ಮದುವೆ, ಪಾರ್ಟಿಗಳಲ್ಲಿ ಕಚೇರಿ. ಹೀಗೆ ನಡೀತಿತ್ತು ಜೀವನ.

1980ರ ದಶಕದ ಶುರು ನೆನಪು ಮಾಡ್ಕೊಳ್ಳಿ. ದೇಶಕ್ಕೆ ಡಿಸ್ಕೋ ಜ್ವರ. 1980ರಲ್ಲಿ 'ಕುರ್ಬಾನಿ' ಬಂತು, ನಾಜಿಯಾ ಹಸನ್ ದನಿಯಲ್ಲಿ ಬಂದ ಆ ಒಂದು ಹಾಡು ಎಲ್ಲರ ಮನೆ ಹೊಕ್ಕಿತು. ಆ ಹಾಡಿಗೆ ಸಂಗೀತ ಕೊಟ್ಟವರು ಬಿದ್ದು, ಅಂದ್ರೆ ಬಿದ್ದು ಅಪ್ಪಯ್ಯ, ನಮ್ಮ ಬೆಂಗಳೂರಲ್ಲಿ ಹುಟ್ಟಿದ ಕೊಡವ. ಲಂಡನ್‌ಗೆ ಹೋಗಿ 'ಕುಂಗ್ ಫೂ ಫೈಟಿಂಗ್' ಹಾಡನ್ನು ಜಗತ್ತಿಗೆಲ್ಲ ಕೇಳಿಸಿದ ಪುಣ್ಯಾತ್ಮ. ಅವರ ಕಥೆ ಇನ್ನೊಂದು ದಿನಕ್ಕಿರಲಿ. 1982ರಲ್ಲಿ 'ಡಿಸ್ಕೋ ಡ್ಯಾನ್ಸರ್' ಬಂತು. ಎಲ್ಲರೂ ಡಿಸ್ಕೋ ಮಾಡ್ತಿದ್ರು. ಚರಣ್‌ಜಿತ್ ಸಿಂಗ್ ಕೇಳಿಕೊಂಡ ಪ್ರಶ್ನೆ ಸರಳ: ಎಲ್ಲರೂ ಮಾಡೋದನ್ನೇ ನಾನೂ ಯಾಕೆ ಮಾಡಬೇಕು? ಆ ತಾಳದ ಮೇಲೆ ನಮ್ಮ ರಾಗ ಕೂರಿಸಿದ್ರೆ ಏನಾಗುತ್ತೆ?

ಅವರ ಕೈಲಿ ಮೂರು ಜಪಾನಿ ಯಂತ್ರಗಳಿದ್ದವು. ಮೂರೂ ರೋಲ್ಯಾಂಡ್ ಕಂಪನಿಯವು. ಒಂದು, ಡ್ರಮ್ ಬಾರಿಸೋ ಟಿಆರ್-808. ಎರಡನೆಯದು, ಜುಪಿಟರ್-8 ಅನ್ನೋ ದುಬಾರಿ ಸಿಂಥಸೈಜರ್. ಮೂರನೆಯದು ನಮ್ಮ ಕಥೆಯ ನಾಯಕ, ಟಿಬಿ-303. ಒಂದು ಪುಸ್ತಕದಷ್ಟು ಗಾತ್ರದ, ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಡಬ್ಬಿ.

ಈ ಡಬ್ಬಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಅಸಲಿ ವಿಷಯ ಇರೋದೇ ಇಲ್ಲಿ. 1981ರಲ್ಲಿ ರೋಲ್ಯಾಂಡ್ ಇದನ್ನು ಮಾರುಕಟ್ಟೆಗೆ ಬಿಟ್ಟಿದ್ದು, ಬೇಸ್ ಗಿಟಾರ್ ನುಡಿಸೋರು ಸಿಗದ ಒಂಟಿ ಕಲಾವಿದರಿಗೆ ಆಸರೆಯಾಗಲಿ ಅಂತ. ಸ್ವರಗಳನ್ನು ಒಂದೊಂದಾಗಿ ತುಂಬಬೇಕು, ಹದಿನಾರು ಹೆಜ್ಜೆ. ಆಮೇಲೆ ಗುಂಡಿ ಒತ್ತಿದ್ರೆ ಅದೇ ಹದಿನಾರು ಹೆಜ್ಜೆಯನ್ನು ದಣಿವಿಲ್ಲದೆ ಸುತ್ತು ಹಾಕುತ್ತೆ. ಆದರೆ ಬೇಸ್ ಗಿಟಾರ್ ತರ ಕೇಳಿಸ್ತಾ? ಇಲ್ಲವೇ ಇಲ್ಲ. ಕಪ್ಪೆ ವಟಗುಟ್ಟಿದ ಹಾಗೆ, ನೀರಲ್ಲಿ ಗುಳ್ಳೆ ಎದ್ದ ಹಾಗೆ ವಿಚಿತ್ರ ಸದ್ದು. ಜನ ಕೊಳ್ಳಲಿಲ್ಲ. ಸುಮಾರು 10,000 ಮಾಡಿ, 1984ರಲ್ಲಿ ಕಂಪನಿ ಉತ್ಪಾದನೆ ನಿಲ್ಲಿಸ್ತು.

ಆದ್ರೆ ಆ ಡಬ್ಬಿಗೆ ಒಂದು ಗುಣ ಇತ್ತು. ಒಂದು ಸ್ವರದಿಂದ ಇನ್ನೊಂದಕ್ಕೆ ಜಿಗಿಯದೆ ಜಾರಬಲ್ಲದು. ಹಿಂದೂಸ್ತಾನಿಯವರು ಮೀಂಡ್ ಅನ್ನೋದು, ಕರ್ನಾಟಕ ಸಂಗೀತದವರು ಜಾರು ಅನ್ನೋದು ಇದಕ್ಕೇ ಅಲ್ವಾ? ಹಾರ್ಮೋನಿಯಂಗೆ ಬಾರದ ವಿದ್ಯೆ ಇದು. ಸಿಂಗಾಪುರದಿಂದ ತಂದಿದ್ದ ಆ ಯಂತ್ರದ ಕೈಪಿಡಿ ಹಿಡಿದು ಚರಣ್‌ಜಿತ್ ಸಿಂಗ್ ಮನೆಯಲ್ಲಿ ಪಳಗಿದರು, ಮೂರೂ ಯಂತ್ರಗಳು ಒಂದೇ ಗತಿಯಲ್ಲಿ ನಡೆಯೋ ಹಾಗೆ ಜೋಡಿಸಿದರು. ಮುಂಬೈಯ ಎಚ್‌ಎಂವಿ ಸ್ಟುಡಿಯೋದಲ್ಲಿ ಎರಡೇ ದಿನದಲ್ಲಿ ಧ್ವನಿಮುದ್ರಣ ಮುಗಿಸಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ. 1982ರಲ್ಲಿ ರೆಕಾರ್ಡು ಹೊರಬಂತು. ಹೆಸರು 'ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್'. ಹತ್ತು ರಾಗ. ಲಲಿತ್, ಭೂಪಾಲಿ, ತೋಡಿ, ಯಮನ್, ಮಾಲ್‌ಕೌಂಸ್... ನಮ್ಮ ಕಡೆಯವರಿಗೆ ಹೇಳೋದಾದ್ರೆ ಭೂಪಾಲಿ ಅಂದ್ರೆ ಮೋಹನ, ಮಾಲ್‌ಕೌಂಸ್ ಅಂದ್ರೆ ಹಿಂದೋಳ. ಕೆಳಗೆ ಡಬ್ಬಿ ಗುಳುಗುಳು ಅಂತ ಸುತ್ತುತ್ತೆ, 808 ಧಡ್ ಧಡ್ ಅನ್ನುತ್ತೆ, ಮೇಲೆ ಜುಪಿಟರ್‌ನಲ್ಲಿ ರಾಗ ನಡೆಯುತ್ತೆ. ಒಂದೊಂದೂ ಐದು ನಿಮಿಷದ ಆಸುಪಾಸು.

ಮಾರಾಟ ಆಯ್ತಾ? ಆಗಲಿಲ್ಲ. ಶಾಸ್ತ್ರೀಯದವರು ಇದು ಡಿಸ್ಕೋ ಅಂದ್ರು, ಡಿಸ್ಕೋದವರು ಹಾಡೇ ಇಲ್ವಲ್ಲ ಅಂದ್ರು. ಎರಡು ಮನೆ ನೆಂಟ ಉಪವಾಸ ಬಿದ್ದ ಅನ್ನೋ ಹಾಗಾಯ್ತು. ಚರಣ್‌ಜಿತ್ ಸಿಂಗ್ ಮತ್ತೆ ಮದುವೆ ಕಚೇರಿಗೆ ವಾಪಸ್.

ಈಗ ಶಿಕಾಗೋಗೆ ಬನ್ನಿ. 1980ರ ದಶಕದ ಮಧ್ಯಭಾಗ. ಅಲ್ಲಿ ಕೆಲವು ಕಪ್ಪು ಹುಡುಗರಿಗೆ ಇದೇ ಟಿಬಿ-303 ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ತು. ಡಿಜೆ ಪಿಯರ್, ಸ್ಪ್ಯಾಂಕಿ, ಹರ್ಬ್ ಜೆ. ತಂಡದ ಹೆಸರು ಫ್ಯೂಚರ್. ಕೈಪಿಡಿ ಇಲ್ಲ, ಯಂತ್ರ ಓಡ್ತಿರುವಾಗಲೇ ಅದರ ಗುಂಡಿಗಳನ್ನು ತಿರುಗಿಸಿದ್ರು. ಸದ್ದು ಗುರುಗುಟ್ಟಿತು, ಕಿರುಚಿತು. ರಾನ್ ಹಾರ್ಡಿ ಅನ್ನೋ ಡಿಜೆ ಅದನ್ನು ಕ್ಲಬ್‌ನಲ್ಲಿ ಮೊದಲ ಸಲ ಹಾಕಿದಾಗ ಕುಣಿಯೋರು ಜಾಗ ಖಾಲಿ ಮಾಡಿದ್ರಂತೆ. ಆತ ಬಿಡಲಿಲ್ಲ, ಅದೇ ರಾತ್ರಿ ಮತ್ತೆ ಮತ್ತೆ ಹಾಕಿದ. ನಾಲ್ಕನೇ ಸಲಕ್ಕೆ ಜನ ಹುಚ್ಚೆದ್ದು ಕುಣಿದ್ರು ಅಂತ ಪಿಯರ್ ಹೇಳ್ತಾರೆ. 1987ರಲ್ಲಿ ಅದು 'ಆ್ಯಸಿಡ್ ಟ್ರ್ಯಾಕ್ಸ್' ಅಂತ ಬಿಡುಗಡೆಯಾಯ್ತು. ಆ್ಯಸಿಡ್ ಹೌಸ್ ಅನ್ನೋ ಹೊಸ ಸಂಗೀತವೇ ಹುಟ್ಟಿತು, ಇಂಗ್ಲೆಂಡಿನ ಯುವಕರನ್ನು ಕುಣಿಸಿತು.

ಇಲ್ಲಿಗೆ ಐದು ವರ್ಷ ಮೊದಲೇ ಮುಂಬೈಯಲ್ಲಿ ಹೆಚ್ಚುಕಡಿಮೆ ಅದೇ ಸದ್ದು ರೆಕಾರ್ಡಾಗಿ ಕೂತಿತ್ತು!

ಇದು ಗೊತ್ತಾಗಿದ್ದು ಹೇಗೆ? ಎಡೋ ಬೌಮನ್ ಅನ್ನೋ ಡಚ್ ಸಂಗ್ರಾಹಕ 2002ರಲ್ಲಿ ದೆಹಲಿಯ ಅಂಗಡಿಯೊಂದರಲ್ಲಿ ಈ ಹಳೇ ರೆಕಾರ್ಡು ಕಂಡ, ಕೇಳಿದ, ದಂಗಾದ. ಸಿಂಗ್ ಅವರನ್ನು ಹುಡುಕಿದ. 2010ರಲ್ಲಿ ತನ್ನ 'ಬಾಂಬೆ ಕನೆಕ್ಷನ್' ಸಂಸ್ಥೆಯಿಂದ ಮರುಬಿಡುಗಡೆ ಮಾಡಿದ. ಯುರೋಪಿನಲ್ಲಿ ಕೆಲವರು ನಂಬಲೇ ಇಲ್ಲ. ಇದು ಯಾರೋ ಈಗ ಮಾಡಿ ಹಳೇ ದಿನಾಂಕ ಹಾಕಿರೋ ತಮಾಷೆ, ಏಫೆಕ್ಸ್ ಟ್ವಿನ್‌ನಂಥ ಕಲಾವಿದನ ಕುಚೇಷ್ಟೆ ಅಂತೆಲ್ಲ ಗುಸುಗುಸು ಹಬ್ಬಿತು.

ಇನ್ನು ನಮ್ಮ ವಾಟ್ಸ್‌ಆ್ಯಪ್ ವೀರರು ಸುಮ್ನಿರ್ತಾರಾ? ಆ್ಯಸಿಡ್ ಹೌಸ್ ಕಂಡುಹಿಡಿದಿದ್ದು ಭಾರತ ಅಂತ ಬರೆದೇಬಿಡ್ತಾರೆ. ವೀಕ್ಷಕರೇ, ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಶಿಕಾಗೋದ ಹುಡುಗರು ಚರಣ್‌ಜಿತ್ ಸಿಂಗ್ ಹೆಸರನ್ನೂ ಕೇಳಿರಲಿಲ್ಲ. ಇವರಿಂದ ಅವರು ಕಲಿತದ್ದಲ್ಲ, ಕದ್ದದ್ದಂತೂ ಅಲ್ಲವೇ ಅಲ್ಲ. ಸಿಂಗ್ ಅವರಿಗೂ ಆ್ಯಸಿಡ್ ಹೌಸ್ ಅನ್ನೋದು ಗೊತ್ತಿರಲಿಲ್ಲ, ತಾನು ಅದರ ಪಿತಾಮಹ ಅಂತ ಅವರು ಮೀಸೆ ತಿರುವಲೂ ಇಲ್ಲ.

ಹಾಗಾದ್ರೆ ಎರಡೂ ಒಂದೇ ತರ ಕೇಳಿಸೋದು ಪವಾಡವಾ? ಪವಾಡ ಏನಿಲ್ಲ. ಸಿನಿಮಾ ಹಾಡಿನಲ್ಲಿ ಗಿಟಾರ್‌ನವರು ಕ್ಷಣಕ್ಕೊಂದು ಕಾರ್ಡ್ ಬದಲಾಯಿಸ್ತಾರೆ. ರಾಗಕ್ಕೆ ಆ ಹಂಗಿಲ್ಲ. ಒಂದೇ ಷಡ್ಜ, ಹಿಂದೆ ತಂಬೂರಿ, ಅಷ್ಟರಲ್ಲೇ ಗಂಟೆಗಟ್ಟಲೆ ವಿಹಾರ. ಶಿಕಾಗೋದ ಸಂಗೀತವೂ ಒಂದೇ ಬೇಸ್ ಸಾಲನ್ನು ಹಿಡಿದು ಅದರೊಳಗೇ ಸುತ್ತೋದು. ಹದಿನಾರು ಹೆಜ್ಜೆಯ ಡಬ್ಬಿಗೆ ಬೇಕಿದ್ದದ್ದೂ ಅಂಥದ್ದೇ ಸಂಗೀತ. ಯಂತ್ರ ಒಂದೇ, ತಾಳ ಒಂದೇ, ಆಧಾರ ಸ್ವರದಲ್ಲಿ ನಿಲ್ಲೋ ಸ್ವಭಾವ ಒಂದೇ. ಫಲಿತಾಂಶ ಹತ್ತಿರ ಬರದೆ ಇನ್ನೇನಾಗುತ್ತೆ?

ಬೆರಕೆ ಮಾಡಿದವರಿಗೆ ಏಟು ಬೀಳೋದು ನಮ್ಮಲ್ಲಿ ಮಾತ್ರ ಅಂದ್ಕೋಬೇಡಿ. 2013ರಲ್ಲಿ ಸ್ವೀಡನ್ನಿನ ಅವೀಚಿ ಅನ್ನೋ ಹುಡುಗ ಅಮೆರಿಕದ ಮಯಾಮಿಯಲ್ಲಿ ಬ್ಯಾಂಜೊ ವಾದಕರನ್ನು ವೇದಿಕೆ ಹತ್ತಿಸಿ ಹಳ್ಳಿ ಸಂಗೀತ ಬೆರೆಸಿದಾಗ, ಕುಣಿಯೋಕೆ ಬಂದ ಜನ ಅಸಹನೆಯಿಂದ ಕೂಗಾಡಿದರು. ಅದೇ 'ವೇಕ್ ಮಿ ಅಪ್' ಹಾಡು ಕೆಲವೇ ತಿಂಗಳಲ್ಲಿ ದೇಶದೇಶಗಳಲ್ಲಿ ನಂಬರ್ ಒನ್. ಅಂದ ಹಾಗೆ ಆ ಹೆಸರು ಬಂದಿದ್ದು ನಮ್ಮಲ್ಲಿಂದಲೇ. ಬೌದ್ಧರ ಅವೀಚಿ ನರಕ. ಪ್ರವಾಸ, ಒತ್ತಡ, ಕಾಯಿಲೆಗಳಲ್ಲಿ ಬೆಂದ ಆ ಹುಡುಗ 2018ರಲ್ಲಿ, 28ನೇ ವಯಸ್ಸಿಗೇ ಹೋಗಿಬಿಟ್ಟ. ಅವನಿಗೆ ಜಯಕಾರ ಬರೋಕೆ ಕೆಲವು ತಿಂಗಳು ಸಾಕಾಯ್ತು. ಚರಣ್‌ಜಿತ್ ಸಿಂಗ್ ಕಾದದ್ದು 28 ವರ್ಷ.

ಎಪ್ಪತ್ತು ದಾಟಿದ ಮೇಲೆ ಅವರು ಯುರೋಪಿನ ವೇದಿಕೆಗಳಲ್ಲಿ ಅದೇ ರಾಗಗಳನ್ನು ನುಡಿಸಿದರು. ಮೊಮ್ಮಕ್ಕಳ ವಯಸ್ಸಿನ ಬಿಳಿ ಹುಡುಗರು ಮುಂದೆ ಕುಣಿಯುತ್ತಿದ್ದರೆ, ಇವರು ಮದುವೆ ಕಚೇರಿಯಷ್ಟೇ ಸಮಾಧಾನದಲ್ಲಿ ಕೀಬೋರ್ಡ್ ಮುಂದೆ. 2015ರ ಜುಲೈನಲ್ಲಿ ಮುಂಬೈಯಲ್ಲಿ ತೀರಿಕೊಂಡರು. ಯಾರೂ ಕೊಳ್ಳದ ಆ ಡಬ್ಬಿ ಇವತ್ತು ಸಂಗ್ರಾಹಕರ ಕೈಯಲ್ಲಿ ಲಕ್ಷಗಳ ಮಾತು.

ಇಂಟರ್ನೆಟ್‌ನಲ್ಲಿ ಹುಡುಕಿದ್ರೆ ರೆಕಾರ್ಡು ಸಿಗುತ್ತೆ. ಯಮನ್‌ನಿಂದ ಶುರು ಮಾಡಿ, ಎಲ್ಲರಿಗೂ ಪರಿಚಯದ ರಾಗ. ಆದ್ರೆ ಮೊಬೈಲ್ ಸ್ಪೀಕರ್‌ನಲ್ಲಿ ಕೇಳಬೇಡಿ, ಕೆಳಗಿನ ಬೇಸ್ ಕೇಳಿಸೋದೇ ಇಲ್ಲ. ಹೆಡ್‌ಫೋನ್ ಹಾಕ್ಕೊಳ್ಳಿ.