‘ಬೇಡ’ ಎನ್ನುವ ಧೈರ್ಯ

ದಿಂಡಿಗಲ್ ಜಿಲ್ಲೆಯಲ್ಲಿ ಬತ್ತಲಗುಂಡು ಎಂಬ ಊರಿದೆ. ಸ್ವಾತಂತ್ರ್ಯ ಹೋರಾಟಗಾರ ಸುಬ್ರಹ್ಮಣ್ಯ ಶಿವ ಅವರು 1884ರಲ್ಲಿ ಹುಟ್ಟಿದ್ದು ಇಲ್ಲಿಯೇ. ಅನ್ಯಾಯವನ್ನು ಕಂಡು ಅವರು ಸುಮ್ಮನಿರಲಿಲ್ಲ. ಜನರ ಮುಂದೆ ನಿಂತು ಮಾತನಾಡಿದರು. ಅದಕ್ಕಾಗಿ 1908ರಲ್ಲಿ ಸೆರೆಮನೆಗೂ ಹೋದರು. ದೇಶಕ್ಕಾಗಿ ಮಾತನಾಡಲು ಧೈರ್ಯ ಬೇಕು. ಮಕ್ಕಳೇ, ನಮಗಾಗಿ ಮಾತನಾಡಲೂ ಧೈರ್ಯ ಬೇಕು.

ಹೊಲಕ್ಕೆ ಬೇಲಿ ಇರುತ್ತದೆ. ಕೇಳದೆ ಯಾರೂ ಒಳಗೆ ಬರುವುದಿಲ್ಲ. ನಮ್ಮ ದೇಹಕ್ಕೂ ಮನಸ್ಸಿಗೂ ಹೀಗೆಯೇ ಒಂದು ಎಲ್ಲೆ ಇದೆ. ಅದು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಅದನ್ನು ಬಾಯಿಬಿಟ್ಟು ಹೇಳಬೇಕು.

ಬತ್ತಲಗುಂಡಿನಿಂದ ಹೊರಟ ಬಸ್ಸಿನಲ್ಲಿ ಜನ ತುಂಬಿದ್ದಾರೆ ಎಂದುಕೊಳ್ಳಿ. ಪರಿಚಯದವರೊಬ್ಬರು ಒಬ್ಬ ಹುಡುಗಿಯನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾರೆ. ಅವಳಿಗೆ ಅದು ಇಷ್ಟವಿಲ್ಲ. ತಲೆ ತಗ್ಗಿಸಿ ಸುಮ್ಮನಿದ್ದರೆ ಅವಳ ಮನಸ್ಸು ಅವರಿಗೆ ತಿಳಿಯುವುದಿಲ್ಲ. ಬೈದರೆ ಜಗಳವಾದೀತು. ಅವರ ಮುಖ ನೋಡಿ, “ಮಾಮ, ನನಗಿದು ಇಷ್ಟವಿಲ್ಲ. ನಾನು ನಿಂತುಕೊಳ್ಳುತ್ತೇನೆ” ಎಂದು ಸ್ಪಷ್ಟವಾಗಿ ಹೇಳಬಹುದು. ಇದು ಹಿರಿಯರಿಗೆ ತೋರುವ ಅಗೌರವವಲ್ಲ. ಆಗಲೂ ಬಿಡದಿದ್ದರೆ ಜೋರಾಗಿ ಕೂಗಬೇಕು, ಅಲ್ಲಿಂದ ದೂರ ಹೋಗಬೇಕು.

ಸ್ನಾನ ಬೇಡ, ಸೂಜಿ ಬೇಡ ಎಂದು ಹಟ ಮಾಡುವುದು ಬೇರೆ. ಭಯ, ನೋವು ಅಥವಾ ನಾಚಿಕೆ ತರುವ ಸ್ಪರ್ಶವನ್ನು ಬೇಡ ಎನ್ನುವುದು ಬೇರೆ. ಗೆಳೆಯನು ಅಡ್ಡಹೆಸರಿಟ್ಟು ಕರೆದಾಗಲೂ, “ಹಾಗೆ ಕರೆಯಬೇಡ, ನನಗೆ ಬೇಸರವಾಗುತ್ತದೆ” ಎನ್ನಬಹುದು. ನಮ್ಮ ಗೆಳೆಯರು ‘ಬೇಡ’ ಎಂದರೆ ನಾವೂ ನಿಲ್ಲಿಸಬೇಕು.

“ಇದನ್ನು ಯಾರಿಗೂ ಹೇಳಬೇಡ” ಎಂದು ಕೆಲವರು ಹೆದರಿಸಬಹುದು, ಮಿಠಾಯಿಯನ್ನೂ ಕೊಡಬಹುದು. ಅಂತಹ ಗುಟ್ಟನ್ನು ಕಾಯಬಾರದು. ಅಮ್ಮ, ಅಜ್ಜಿ, ಟೀಚರ್ ಹೀಗೆ ನೀವು ನಂಬುವವರಿಗೆ ಹೇಳಿರಿ. ಒಬ್ಬರು ನಂಬದಿದ್ದರೆ ಇನ್ನೊಬ್ಬರಿಗೆ ಹೇಳಿರಿ. ಕೇಳುವವರು ಸಿಗುವವರೆಗೂ ಹೇಳಿರಿ. ಆ ಹೊತ್ತಿನಲ್ಲಿ ಭಯದಿಂದ ಮಾತೇ ಹೊರಡದಿದ್ದರೂ ತಪ್ಪು ನಿಮ್ಮದಲ್ಲ. ಆಮೇಲೆ ಹೇಳಿದರೂ ತಡವಾಗುವುದಿಲ್ಲ.

1098 ಮಕ್ಕಳ ಸಹಾಯವಾಣಿ. ಇದು 1996ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಹಗಲಿರಲಿ ಇರುಳಿರಲಿ, ಈ ಸಂಖ್ಯೆಗೆ ಫೋನ್ ಮಾಡಬಹುದು. ಹಣ ಕೊಡಬೇಕಾಗಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ತಡೆಯಲು 2012ರಲ್ಲಿ ಪೋಕ್ಸೊ ಕಾಯ್ದೆ ಬಂದಿತು. ಮಗುವಿನ ಮಾತು ಕೇಳಲು ಬರುವ ಪೊಲೀಸರು ಸಮವಸ್ತ್ರ ಧರಿಸಿರಬಾರದು, ಮಗುವಿನ ಹೆಸರನ್ನು ಪತ್ರಿಕೆಗಳು ಪ್ರಕಟಿಸಬಾರದು ಎಂದು ಅದು ಹೇಳುತ್ತದೆ. ಮಗು ಹೆದರದೆ ಮಾತನಾಡಲಿ ಎಂಬುದೇ ಇದರ ಉದ್ದೇಶ.

ಬೇಡ ಎನ್ನಿರಿ, ದೂರ ಹೋಗಿರಿ, ನಂಬಿದವರಿಗೆ ಹೇಳಿರಿ. ಈ ಮೂರನ್ನೂ ಮರೆಯದಿರಿ.

ಹೊಸ ಪದಗಳು
ಎಲ್ಲೆ – ಗಡಿ, ಮೇರೆ
ಸೆರೆಮನೆ – ಜೈಲು
ದೌರ್ಜನ್ಯ – ಹಿಂಸೆ, ಕೆಟ್ಟ ನಡತೆ

ಉತ್ತರಿಸಿರಿ
1. ಬಸ್ಸಿನಲ್ಲಿದ್ದ ಹುಡುಗಿ ಏನೆಂದು ಹೇಳಬಹುದಿತ್ತು?
2. ಯಾವ ಗುಟ್ಟನ್ನು ಕಾಯಬಾರದು? ಏಕೆ?
3. ನೀವು ನಂಬುವ ಮೂವರ ಹೆಸರುಗಳನ್ನು ಬರೆಯಿರಿ.