ಸಿದ್ಧಿಯ ಲೆಕ್ಕ: ರಂಗ ಕಾರ್ಯಕ್ರಮಗಳಲ್ಲಿ ಪ್ರೇಕ್ಷಕ ಸ್ಪಂದನದ ಮಾಪನ

ಸರ್ಕಾರದ ಅಥವಾ ಅಕಾಡೆಮಿಗಳ ಧನಸಹಾಯದಿಂದ ನಡೆಯುವ ನಾಟಕೋತ್ಸವ, ವಿಚಾರ ಸಂಕಿರಣ, ಜಯಂತಿಗಳು ಮುಗಿದ ಮೇಲೆ ಸಂಘಟಕರು ಸಲ್ಲಿಸುವ ವರದಿಗಳಲ್ಲಿ ಖರ್ಚುವೆಚ್ಚದ ಪಟ್ಟಿ, ಛಾಯಾಚಿತ್ರ, ಪತ್ರಿಕಾ ತುಣುಕುಗಳ ಜೊತೆಗೆ ಪ್ರೇಕ್ಷಕರ ಸಂಖ್ಯೆಯೂ ಇರುತ್ತದೆ. ಬಹುಮಟ್ಟಿಗೆ ಅದು ಸೊನ್ನೆಗಳಲ್ಲಿ ಮುಗಿಯುವ ಸಂಖ್ಯೆ. ಯಾರಾದರೂ ಎಣಿಸಿದ್ದಾದರೆ ಉದ್ಘಾಟನೆಯ ಹೊತ್ತಿನಲ್ಲಿ, ಅಂದರೆ ಗಣ್ಯರು ವೇದಿಕೆಯ ಮೇಲಿದ್ದು ಸಮೀಪದ ಕಾಲೇಜಿನ ವಿದ್ಯಾರ್ಥಿಗಳು ಕುರ್ಚಿಗಳಲ್ಲಿದ್ದಾಗ ಎಣಿಸಿರುತ್ತಾರೆ. ಎಷ್ಟು ಜನ ಬಂದರು ಎಂಬ ಪ್ರಶ್ನೆಗೆ ಈ ಸಂಖ್ಯೆ ಒಂದು ಬಗೆಯ ಉತ್ತರ ನೀಡುತ್ತದೆ. ಎಷ್ಟು ಜನ ನೋಡಿದರು, ಕೇಳಿದರು, ಮನಸ್ಸು ಕೊಟ್ಟರು ಎಂಬ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ. ಮುಂದಿನ ವರ್ಷದ ಅನುದಾನ ಮಾತ್ರ ಹಲವು ವೇಳೆ ಇದೇ ಸಂಖ್ಯೆಯನ್ನು ಅವಲಂಬಿಸಿರುತ್ತದೆ. ನೂರು ಜನರಿರುವ ಊರಿನಲ್ಲಿ ಎಂಬತ್ತು ಮಂದಿಯನ್ನು ಕೊನೆಯ ದೃಶ್ಯದವರೆಗೆ ಕೂರಿಸಿದ ತಂಡವೊಂದು, ನಗರದಲ್ಲಿ ಐನೂರು ಮಂದಿಯನ್ನು ಅರ್ಧ ಗಂಟೆ ಕೂರಿಸಿದ ತಂಡದ ಎದುರು ಕಾಗದದ ಮೇಲೆ ಸೋಲುತ್ತದೆ. ಆದ್ದರಿಂದ ಪ್ರೇಕ್ಷಕ ಸ್ಪಂದನವನ್ನು ಅಳೆಯುವುದು ಹೇಗೆ, ಅದನ್ನು ಹೆಚ್ಚಿಸಲು ಎಂತಹ ಗುರಿಯನ್ನು ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆ ಕೇವಲ ಆಡಳಿತಕ್ಕೆ ಸೇರಿದ್ದಲ್ಲ.

ಸ್ಪಂದನದಂತಹ ಸೂಕ್ಷ್ಮ ಸಂಗತಿಯನ್ನು ಅಳತೆಗೆ ಒಳಪಡಿಸುವುದು ಆಧುನಿಕ ವ್ಯವಹಾರಶಾಸ್ತ್ರದ ಹೇರಿಕೆ, ಕಲೆಗೆ ಅದು ಒಗ್ಗದು ಎಂಬ ಆಕ್ಷೇಪವೊಂದಿದೆ. ಈ ಆಕ್ಷೇಪಕ್ಕೆ ಭರತನ ನಾಟ್ಯಶಾಸ್ತ್ರದಲ್ಲಿ ಆಧಾರ ದೊರೆಯುವುದಿಲ್ಲ. ಪ್ರಚಲಿತ ಪಾಠದ 27ನೆಯ ಅಧ್ಯಾಯ ಇಡಿಯಾಗಿ ಪ್ರಯೋಗದ ಸಿದ್ಧಿಯನ್ನು ಕುರಿತದ್ದು. ಅಲ್ಲಿ ಸಿದ್ಧಿಯನ್ನು ಮಾನುಷಿ ಮತ್ತು ದೈವಿ ಎಂದು ಎರಡಾಗಿ ವಿಂಗಡಿಸಲಾಗಿದೆ. ಮಾನುಷಿ ಸಿದ್ಧಿಗೆ ಹತ್ತು ಅಂಗಗಳು. ಕೆಲವು ಮಾತಿಗೆ ಅಥವಾ ದನಿಗೆ ಸಂಬಂಧಿಸಿದವು: ನಸುನಗೆ, ಅರೆನಗೆ, ಜೋರಾದ ನಗೆ, ‘ಸಾಧು’ ಎಂಬ ಮೆಚ್ಚುಗೆ, ‘ಅಹೋ’ ಎಂಬ ಬೆರಗು, ‘ಕಷ್ಟಂ’ ಎಂಬ ಮರುಕ, ಸಭೆಯಲ್ಲೆಲ್ಲ ಏಳುವ ಕೋಲಾಹಲ. ಉಳಿದವು ದೇಹದಲ್ಲಿ ಕಾಣುವಂಥವು: ಮೈನವಿರೇಳುವುದು, ಕುಳಿತಲ್ಲಿಂದ ಎದ್ದು ನಿಲ್ಲುವುದು, ಬಟ್ಟೆಯನ್ನೂ ಉಂಗುರವನ್ನೂ ರಂಗದತ್ತ ಎಸೆಯುವುದು. ಯಾವ ಪ್ರಸಂಗಕ್ಕೆ ಯಾವ ಪ್ರತಿಕ್ರಿಯೆ ಬರಬೇಕೆಂಬುದನ್ನೂ ಶಾಸ್ತ್ರಕಾರ ಸೂಚಿಸುತ್ತಾನೆ. ವಿದೂಷಕನ ಚೇಷ್ಟೆಗೆ ಜೋರಾದ ನಗೆ, ಕರುಣರಸಕ್ಕೆ ಕಣ್ಣೀರಿನೊಡನೆ ‘ಕಷ್ಟಂ’ ಎಂಬ ಉದ್ಗಾರ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಪ್ರತಿಕ್ರಿಯೆ ಎಷ್ಟು ಜೋರಾಗಿತ್ತು ಎಂಬುದಕ್ಕಿಂತ ಅದು ಪ್ರಸಂಗಕ್ಕೆ ತಕ್ಕದ್ದಾಗಿತ್ತೇ ಎಂಬುದು ಮುಖ್ಯ. ಕರುಣದ ದೃಶ್ಯದಲ್ಲಿ ಸಭೆ ನಕ್ಕರೆ ಅದು ಸದ್ದಿನ ಲೆಕ್ಕದಲ್ಲಿ ಗೆಲುವು, ಸಿದ್ಧಿಯ ಲೆಕ್ಕದಲ್ಲಿ ಸೋಲು.

ದೈವಿ ಸಿದ್ಧಿಯ ಲಕ್ಷಣ ಇದಕ್ಕೆ ತೀರ ಭಿನ್ನ. ಭಾವಾತಿಶಯದಿಂದ ಕೂಡಿದ ಅಭಿನಯ ಅದರ ಒಂದು ಬಗೆ. ಸದ್ದಿಲ್ಲದೆ, ಕ್ಷೋಭೆಯಿಲ್ಲದೆ, ಯಾವ ಉತ್ಪಾತವೂ ಇಲ್ಲದೆ ರಂಗಮಂದಿರ ತುಂಬಿರುವುದು ಇನ್ನೊಂದು ಬಗೆ. ಅಂದರೆ ಮೇಲಿನ ಮಟ್ಟದ ತೊಡಗಿಕೆಯ ಗುರುತು ಮೌನ. ಆದರೆ ಬರಿಯ ಮೌನವನ್ನು ಭರತ ಲಕ್ಷಣವಾಗಿ ಹೇಳಿಲ್ಲ, ತುಂಬಿದ ಸಭೆಯ ಮೌನವನ್ನು ಹೇಳಿದ್ದಾನೆ. ಖಾಲಿ ಸಭಾಂಗಣವೂ ನಿಶ್ಶಬ್ದವಾಗಿಯೇ ಇರುತ್ತದಷ್ಟೆ. ಎರಡು ಲಕ್ಷಣಗಳನ್ನು ಜೊತೆಯಲ್ಲಿಟ್ಟು ನೋಡಿದಾಗ ಮಾತ್ರ ಒಂದೊಂದಕ್ಕೂ ಅರ್ಥ ಬರುತ್ತದೆ ಎಂಬ ತಿಳಿವಳಿಕೆ ಇಲ್ಲಿದೆ.

ಸಿದ್ಧಿಯ ಎದುರಿಗೆ ಘಾತಗಳ ಪಟ್ಟಿಯಿದೆ. ಗಾಳಿ, ಮಳೆ, ಬೆಂಕಿ, ಆನೆ, ಹಾವುಗಳಿಂದ ಆಗುವುದು ದೈವಘಾತ. ಎದುರಾಳಿ ತಂಡದವರ ಕೂಗಾಟ, ಗೇಲಿ, ಸಗಣಿ ಎಸೆತಗಳಿಂದ ಆಗುವುದು ಪರಘಾತ. ನಟ ಮಾತು ಮರೆಯುವುದು, ಮತ್ತೊಬ್ಬನ ಮಾತನ್ನು ತಾನು ಆಡುವುದು, ಕಿರೀಟವೋ ಆಭರಣವೋ ಕಳಚಿ ಬೀಳುವುದು ತಂಡದಿಂದಲೇ ಆಗುವ ಘಾತಗಳು. ಇವನ್ನೆಲ್ಲ ಗಮನಿಸಲು ಪ್ರಾಶ್ನಿಕರೆಂಬ ತೀರ್ಪುಗಾರರಿದ್ದಾರೆ. ಯಜ್ಞವಿದ, ನರ್ತಕ, ಛಂದೋವಿದ, ವೈಯಾಕರಣ, ರಾಜ, ಬಿಲ್ಲುಗಾರ, ಚಿತ್ರಕಾರ, ವೇಶ್ಯೆ, ಗಾಯಕ, ರಾಜಸೇವಕ ಎಂಬ ಹತ್ತು ಮಂದಿ ತಮತಮಗೆ ತಿಳಿದ ವಿಷಯವನ್ನಷ್ಟೇ ಪರೀಕ್ಷಿಸಬೇಕು. ಅವರ ಆಸನ ರಂಗಕ್ಕೆ ತೀರ ಹತ್ತಿರವೂ ಅಲ್ಲದೆ ತೀರ ದೂರವೂ ಅಲ್ಲದೆ ಹನ್ನೆರಡು ಹಸ್ತಗಳ ಅಂತರದಲ್ಲಿರಬೇಕು. ಬರೆದಿಡುವ ಲೇಖಕರೂ ಲೆಕ್ಕವಿಡುವ ಗಣಕರೂ ಅವರ ನೆರವಿಗಿರುತ್ತಾರೆ. ಇಂದಿನ ಮೌಲ್ಯಮಾಪಕರು ವಿಶೇಷವಾಗಿ ಓದಬೇಕಾದ ವಿಧಿಯೊಂದು ಇದೇ ಭಾಗದಲ್ಲಿ ಬರುತ್ತದೆ: ದೈವದಿಂದ ಅಥವಾ ಪರರಿಂದ ಉಂಟಾದ ಘಾತಗಳನ್ನು ದಾಖಲಿಸಕೂಡದು, ನಾಟ್ಯದಿಂದಲೂ ನಟರಿಂದಲೂ ಉಂಟಾದವನ್ನು ಮಾತ್ರ ದಾಖಲಿಸಬೇಕು. ಮಳೆ ಬಂದು ಜನ ಎದ್ದುಹೋದರೆ ಅದು ತಂಡದ ಲೆಕ್ಕಕ್ಕೆ ಬರುವುದಿಲ್ಲ. ಯಾರ ಕೈಯಲ್ಲಿ ಯಾವುದಿದೆಯೋ ಅದಕ್ಕಷ್ಟೇ ಅವರು ಹೊಣೆ ಎಂಬ ಈ ನ್ಯಾಯವನ್ನು ಇಂದಿನ ಎಷ್ಟೋ ವರದಿ ನಮೂನೆಗಳು ಪಾಲಿಸುವುದಿಲ್ಲ. ಗುಣದೋಷಗಳಲ್ಲಿ ಯಾವುದೊಂದೂ ಇಲ್ಲದ ಪ್ರಯೋಗವೇ ಇಲ್ಲವಾದ್ದರಿಂದ ದೋಷಗಳನ್ನು ಅತಿಯಾಗಿ ಎಣಿಸಬಾರದು ಎಂಬ ಮಾತನ್ನೂ ಭರತ ಸೇರಿಸುತ್ತಾನೆ.

ಅದೇ ಅಧ್ಯಾಯ ಪ್ರೇಕ್ಷಕರನ್ನು ಒಂದೇ ರಾಶಿಯಾಗಿ ಕಾಣುವುದಿಲ್ಲ. ತರುಣರಿಗೆ ಶೃಂಗಾರ, ಶೂರರಿಗೆ ಯುದ್ಧ, ವಿರಾಗಿಗಳಿಗೆ ಮೋಕ್ಷ, ವೃದ್ಧರಿಗೆ ಪುರಾಣಕಥೆ ಹಿಡಿಸುತ್ತದೆ ಎನ್ನುವಾಗ, ‘ಪ್ರೇಕ್ಷಕರು’ ಎಂಬ ಬಹುವಚನದಲ್ಲಿ ಅಡಗಿರುವ ಭೇದಗಳು ಎದ್ದು ಕಾಣುತ್ತವೆ. ಗುರಿ ನಿಗದಿಪಡಿಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಯಾವ ಪ್ರೇಕ್ಷಕರ ತೊಡಗಿಕೆ?

ಕನ್ನಡ ರಂಗಭೂಮಿಯ ಅನುಭವವೂ ಈ ಲೆಕ್ಕಾಚಾರಕ್ಕೆ ಹೊರತಲ್ಲ. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯೂ ಸೇರಿದಂತೆ ವೃತ್ತಿ ನಾಟಕ ಮಂಡಳಿಗಳು ಬದುಕಿದ್ದು ಟಿಕೇಟಿನ ಹಣದ ಮೇಲೆ. ಆ ರಾತ್ರಿಯ ಕಲೆಕ್ಷನ್ ಎಷ್ಟು, ನೆಲದಲ್ಲಿ ಕುಳಿತವರೆಷ್ಟು, ಕುರ್ಚಿಯವರೆಷ್ಟು ಎಂಬುದನ್ನು ಗಲ್ಲಾಪೆಟ್ಟಿಗೆಯೇ ಹೇಳುತ್ತಿತ್ತು. ಅದರ ಜೊತೆಗೆ ಮತ್ತೊಂದು ಅಳತೆಯೂ ಇತ್ತು. ಯಾವ ರಂಗಗೀತೆಗೆ ‘ಒನ್ಸ್ ಮೋರ್’ ಬಂತು, ಎಷ್ಟು ಸಲ ಬಂತು ಎಂಬುದು ನಟನಿಗೂ ಮಾಲೀಕನಿಗೂ ನೆನಪಿರುವ ಸಂಗತಿ. ಈ ಅಳತೆಗೆ ಒಂದು ವಿಪರಿಣಾಮವೂ ಇತ್ತು. ‘ಒನ್ಸ್ ಮೋರ್’ ಗಿಟ್ಟಿಸುವುದೇ ಉದ್ದೇಶವಾದಾಗ ಹಾಡು ಕಥೆಯನ್ನು ನಿಲ್ಲಿಸಿ ತಾನೇ ಮೆರೆಯುತ್ತದೆ, ಸತ್ತು ಬಿದ್ದ ಪಾತ್ರ ಎದ್ದು ಕುಳಿತು ಹಾಡಬೇಕಾಗುತ್ತದೆ.

ಯಕ್ಷಗಾನದಲ್ಲಿ ಈ ಭೇದ ಇನ್ನೂ ಸ್ಪಷ್ಟ. ಡೇರೆ ಮೇಳಗಳು ಟಿಕೇಟನ್ನು ನಂಬಿದಂಥವು. ಬಯಲಾಟದ ಮೇಳಗಳು ಹರಕೆಯನ್ನು ಆಶ್ರಯಿಸಿದಂಥವು. ಮಂದಾರ್ತಿ, ಕಟೀಲುಗಳಂತಹ ಕ್ಷೇತ್ರಗಳ ಮೇಳಗಳಿಗೆ ಆಟ ಆಡಿಸಲು ಹರಕೆ ಹೊತ್ತವರು ವರ್ಷಗಟ್ಟಲೆ ಕಾಯುವುದುಂಟು. ಆ ಸರದಿಯ ಪಟ್ಟಿ ಎಷ್ಟು ಉದ್ದವಿದ್ದರೂ ಅದು ಅಳೆಯುವುದು ಭಕ್ತಿಯನ್ನು. ನಡುರಾತ್ರಿಯ ನಂತರ ರಂಗಸ್ಥಳದ ಎದುರು ಎಷ್ಟು ಜನ ಎಚ್ಚರವಾಗಿದ್ದರು ಎಂಬುದು ಆ ಪಟ್ಟಿಯಿಂದ ತಿಳಿಯುವುದಿಲ್ಲ. ಹರಕೆ ಆಟಕ್ಕೆ ಆ ಪ್ರಶ್ನೆಯನ್ನು ಹಾಕಬೇಕಾದ ಅಗತ್ಯವೂ ಇಲ್ಲ, ಏಕೆಂದರೆ ಅದು ದೇವರಿಗೆ ಸಲ್ಲುವ ಸೇವೆ. ಒಂದು ಕಾರ್ಯಕ್ರಮಕ್ಕೆ ಸಲ್ಲುವ ಅಳತೆಯನ್ನು ಮತ್ತೊಂದಕ್ಕೆ ಹಾಗೆಯೇ ಅನ್ವಯಿಸಿದರೆ ಎರಡಕ್ಕೂ ಅನ್ಯಾಯವಾಗುತ್ತದೆ.

ಗುರಿಯನ್ನು ಮೊದಲೇ ಬರೆದಿಟ್ಟುಕೊಂಡು ಕೆಲಸ ಮಾಡುವ ಪದ್ಧತಿಗೆ ಆಧುನಿಕ ರೂಪ ಕೊಟ್ಟವರಲ್ಲಿ ಪೀಟರ್ ಡ್ರಕರ್ ಪ್ರಮುಖ. ಗುರಿಗಳ ಮೂಲಕ ನಿರ್ವಹಣೆ ಎಂಬ ಅವರ ವಿಚಾರ 1954ರ ಗ್ರಂಥದಲ್ಲಿ ಬಂದಿತು. 1981ರಲ್ಲಿ ಜಾರ್ಜ್ ಡೊರಾನ್ ಒಳ್ಳೆಯ ಗುರಿಗೆ ಐದು ಗುಣಗಳನ್ನು ಹೇಳಿದರು: ಅದು ನಿರ್ದಿಷ್ಟವಾಗಿರಬೇಕು, ಅಳೆಯುವಂತಿರಬೇಕು, ಅದಕ್ಕೊಬ್ಬ ಹೊಣೆಗಾರನಿರಬೇಕು, ವಾಸ್ತವಕ್ಕೆ ಹತ್ತಿರವಿರಬೇಕು, ಕಾಲಮಿತಿ ಇರಬೇಕು. ಮುಂದೆ ಈ ಸೂತ್ರ ಪ್ರಚಾರವಾದಾಗ ಹೊಣೆಗಾರನ ಜಾಗದಲ್ಲಿ ‘ಸಾಧ್ಯವಾಗುವಂಥದ್ದು’ ಎಂಬ ಪದ ಬಂದು ಕುಳಿತದ್ದುಂಟು. ಸಾಂಸ್ಕೃತಿಕ ಸಂಘಟನೆಯ ಮಟ್ಟಿಗೆ ಈ ಬದಲಾವಣೆ ನಷ್ಟವೇ ಸರಿ, ಏಕೆಂದರೆ ಇಲ್ಲಿ ಕೊರತೆಯಿರುವುದು ಹೊಣೆ ಹೊರುವವರದ್ದು.

‘ಪ್ರೇಕ್ಷಕರ ತೊಡಗಿಕೆಯನ್ನು ಹೆಚ್ಚಿಸುವುದು’ ಎಂಬ ವಾಕ್ಯ ಆಶಯವೇ ಹೊರತು ಗುರಿಯಲ್ಲ. ಗುರಿಯಾಗಲು ಕಣ್ಣಿಗೆ ಕಾಣುವ ಒಂದು ವರ್ತನೆ ಬೇಕು, ಈಗ ಅದು ಎಷ್ಟಿದೆ ಎಂಬ ಆಧಾರ ಸಂಖ್ಯೆ ಬೇಕು. ಐದು ದಿನಗಳ ನಾಟಕೋತ್ಸವವೊಂದನ್ನು ಊಹಿಸಬಹುದು. ಪ್ರತಿ ಸಂಜೆ ಮೊದಲ ದೃಶ್ಯದ ಹೊತ್ತಿಗೆ ಒಮ್ಮೆ, ಕೊನೆಯ ದೃಶ್ಯದ ಹೊತ್ತಿಗೆ ಇನ್ನೊಮ್ಮೆ ತಲೆ ಎಣಿಸಲಾಗುತ್ತದೆ. ಐದೂ ದಿನ ಸೇರಿ ಆರಂಭದಲ್ಲಿ 800 ಮಂದಿ, ಕೊನೆಗೆ 520 ಮಂದಿ ಇದ್ದರೆ ಉಳಿದವರ ಪ್ರಮಾಣ ಶೇಕಡ 65. ಮುಂದಿನ ಉತ್ಸವದಲ್ಲಿ ಇದನ್ನು ಶೇಕಡ 75ಕ್ಕೆ ಏರಿಸಬೇಕು, ಅದಕ್ಕಾಗಿ ಸಭಾ ಕಾರ್ಯಕ್ರಮವನ್ನು ಹದಿನೈದು ನಿಮಿಷಕ್ಕೆ ಮಿತಿಗೊಳಿಸಬೇಕು, ಇದನ್ನು ನೋಡಿಕೊಳ್ಳುವವರು ಇಂಥವರು ಎಂದು ಬರೆದಾಗ ಅದು ಗುರಿಯಾಗುತ್ತದೆ. ಆರಂಭದ ಸಂಖ್ಯೆ 800ರಿಂದ 700ಕ್ಕೆ ಇಳಿದು, ಕೊನೆಯ ಸಂಖ್ಯೆ 525 ಆದರೂ ಶೇಕಡ 75 ಬರುತ್ತದೆ. ಆದ್ದರಿಂದ ಪ್ರಮಾಣದ ಜೊತೆಗೆ ಮೂಲ ಸಂಖ್ಯೆಗಳನ್ನೂ ಕೊಡಬೇಕು. ತುಂಬಿದ ಸಭೆ, ನಿಶ್ಶಬ್ದ ಸಭೆ ಎಂಬ ಭರತನ ಜೋಡಿ ಲಕ್ಷಣಗಳ ತರ್ಕವೂ ಇದೇ.

ಸಭಾ ಕಾರ್ಯಕ್ರಮದ ವಿಷಯವನ್ನು ಹಗುರವಾಗಿ ಎಣಿಸುವಂತಿಲ್ಲ. ಪ್ರಕಟಿತ ವೇಳೆಗೂ ನಾಟಕದ ಮೊದಲ ಮಾತಿಗೂ ನಡುವೆ ಹೋದ ನಿಮಿಷಗಳನ್ನು ಗಡಿಯಾರ ನೋಡಿ ಬರೆದಿಡುವುದಕ್ಕೆ ಯಾವ ಪರಿಣತಿಯೂ ಬೇಡ, ಖರ್ಚೂ ಇಲ್ಲ. ಸ್ವಾಗತ, ಪ್ರಾಸ್ತಾವಿಕ, ದೀಪ, ಹಾರ, ಶಾಲು, ಫಲತಾಂಬೂಲ, ಅಧ್ಯಕ್ಷೀಯ ಭಾಷಣಗಳ ನಂತರ ಪರದೆ ಏಳುವಾಗ ಅತಿ ಹೆಚ್ಚು ಕಾದಿರುವವನು ವೇಳೆಗೆ ಸರಿಯಾಗಿ ಬಂದ ಪ್ರೇಕ್ಷಕ. ಮುಂದಿನ ಸಲ ಅವನೂ ತಡವಾಗಿ ಬರಲು ಕಲಿಯುತ್ತಾನೆ. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಂಗಶಂಕರ ಹೇಳಿದ ವೇಳೆಗೆ ನಾಟಕ ಆರಂಭಿಸುವ, ತಡವಾಗಿ ಬಂದವರನ್ನು ಒಳಗೆ ಬಿಡದಿರುವ ನಿಯಮವನ್ನು ಪಾಲಿಸಿಕೊಂಡು ಬಂದಿದೆ. ಹಳ್ಳಿಯ ಬಯಲು ರಂಗದಲ್ಲಿ ಇದೇ ನಿಯಮ ಅಸಾಧ್ಯ. ಆದರೆ ತಡದ ನಿಮಿಷಗಳನ್ನು ಕಡಿಮೆ ಮಾಡುವುದು ಅಲ್ಲಿಯೂ ಸಾಧ್ಯ. ವಿಚಾರ ಸಂಕಿರಣಗಳಲ್ಲಿ ಸಂವಾದಕ್ಕೆಂದು ಆಮಂತ್ರಣ ಪತ್ರಿಕೆಯಲ್ಲಿ ಮುದ್ರಿಸಿದ ವೇಳೆಯಲ್ಲಿ ನಿಜಕ್ಕೂ ಸಂವಾದಕ್ಕೆ ದೊರೆತದ್ದೆಷ್ಟು, ಪ್ರಶ್ನೆ ಕೇಳಿದವರು ಬೇರೆ ಬೇರೆ ಮಂದಿಯೋ ಅಥವಾ ಎಲ್ಲ ಗೋಷ್ಠಿಗಳಲ್ಲೂ ಅವರೇ ಮೂವರೋ ಎಂಬುದನ್ನು ದಾಖಲಿಸಿದರೆ ಸಾಕಷ್ಟು ತಿಳಿಯುತ್ತದೆ.

ಅಳತೆಗೆ ಅಪಾಯಗಳೂ ಇವೆ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಸಂದರ್ಭದಲ್ಲಿ ಗುರುತಿಸಿದ ಸಂಗತಿ ಈಗ ಅವರ ಹೆಸರಿನ ನಿಯಮವಾಗಿ ಪ್ರಸಿದ್ಧವಾಗಿದೆ. ಒಂದು ಸೂಚಕವನ್ನು ನಿಯಂತ್ರಣದ ಸಾಧನವಾಗಿ ಮಾಡಿದೊಡನೆ ಅದು ಸೂಚಕವಾಗಿ ಉಳಿಯುವುದಿಲ್ಲ ಎಂಬುದು ಅದರ ತಾತ್ಪರ್ಯ. ‘ಒನ್ಸ್ ಮೋರ್’ ಕಥೆಯೂ ಅದೇ. ನಿರೂಪಕರು ಮೂರು ಮಾತಿಗೊಮ್ಮೆ ಜೋರಾದ ಚಪ್ಪಾಳೆ ಕೇಳಿ ಪಡೆಯುವ ಸಭೆಯಲ್ಲಿ ಚಪ್ಪಾಳೆಯನ್ನು ಅಳತೆಯಾಗಿ ಬಳಸಲಾಗದು. ಬಾಗಿಲು ಹಾಕಿ ಕೂರಿಸಿದ ವಿದ್ಯಾರ್ಥಿಗಳ ಸಭೆಯಲ್ಲಿ ಕೊನೆಯವರೆಗೆ ಉಳಿದವರ ಪ್ರಮಾಣಕ್ಕೂ ಅರ್ಥವಿಲ್ಲ. ಕೊನೆಯಲ್ಲಿ ಹಂಚುವ ಅಭಿಪ್ರಾಯ ಪತ್ರಗಳ ದೋಷ ಇನ್ನೊಂದು ಬಗೆಯದು. ಬೇಸತ್ತವರು ಅಷ್ಟು ಹೊತ್ತಿಗೆ ಮನೆ ಸೇರಿರುತ್ತಾರೆ, ಪತ್ರ ತುಂಬುವವರು ಮೆಚ್ಚಿದವರೇ. ಸಣ್ಣ ಸಭೆಗಳಲ್ಲಿ ಶೇಕಡಾವಾರು ಲೆಕ್ಕವೂ ಮೋಸಗೊಳಿಸುತ್ತದೆ. 40 ಜನರ ಸಭೆಯಲ್ಲಿ ಒಬ್ಬರು ಎದ್ದುಹೋದರೆ ಶೇಕಡ ಎರಡೂವರೆ ಇಳಿಯುತ್ತದೆ, ಅವರು ಕೊನೆಯ ಬಸ್ಸು ಹಿಡಿಯಲು ಹೋದವರೂ ಆಗಿರಬಹುದು. ಒಂದು ಸಂಜೆಯ ಏರಿಳಿತದಿಂದ ತೀರ್ಮಾನಕ್ಕೆ ಬರದೆ ಹಲವು ಪ್ರಯೋಗಗಳನ್ನು ಸೇರಿಸಿ ನೋಡಬೇಕಾಗುತ್ತದೆ.

ಎಣಿಕೆಗೆ ಸಿಗದ ಭಾಗಕ್ಕೆ ಬೇರೆ ದಾಖಲೆ ಬೇಕು. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಮ್ ತನ್ನ ಸಂಸ್ಕೃತಿ ಶಿಬಿರಗಳಲ್ಲಿ ಹಿಂದಿನ ಸಂಜೆಯ ಪ್ರಯೋಗವನ್ನು ಮರುದಿನ ಶಿಬಿರಾರ್ಥಿಗಳು ಚರ್ಚಿಸುವ ಕ್ರಮವನ್ನು ರೂಢಿಸಿದೆ. ರಾತ್ರಿ ಮೌನವಾಗಿದ್ದವರು ಬೆಳಿಗ್ಗೆ ಮಾತಾಡುತ್ತಾರೆ. ಆ ಮಾತು ನಾಟಕದ ಯಾವ ಗಳಿಗೆಯನ್ನು ಹಿಡಿದುಕೊಂಡಿದೆ ಎಂಬುದರಿಂದ ಮೌನದ ಸ್ವರೂಪವನ್ನು ಊಹಿಸಬಹುದು. ಶಿಬಿರದ ಅನುಕೂಲವಿಲ್ಲದ ತಂಡಗಳೂ ಪ್ರದರ್ಶನವಾದ ವಾರದೊಳಗೆ ಊರಿನ ಹತ್ತು ಮಂದಿಯನ್ನು ಕಂಡು ನಾಟಕದಲ್ಲಿ ಏನು ನೆನಪಿದೆ ಎಂದು ಕೇಳಿ ಬರೆದುಕೊಳ್ಳಬಹುದು. ಹಿಡಿಸಿತೇ ಎಂದು ಕೇಳಿದರೆ ಹಿಡಿಸಿತೆಂಬ ಉತ್ತರವೇ ಬರುವುದರಿಂದ ಆ ಪ್ರಶ್ನೆಯನ್ನು ಬಿಡುವುದು ಲೇಸು.

ಎಣಿಸುವವರು ಯಾರು ಎಂಬುದು ಇನ್ನೂ ಬಗೆಹರಿಯದ ಅಂಶ. ಸಂಘಟಕರೇ ಎಣಿಸಿದರೆ ಸಂಖ್ಯೆ ಉಬ್ಬುತ್ತದೆ, ಧನಸಹಾಯ ನೀಡುವ ಸಂಸ್ಥೆ ಪ್ರತಿ ಊರಿಗೂ ಜನ ಕಳುಹಿಸಲಾರದು. ನೆರೆಯ ಊರಿನ ತಂಡಗಳು ಪರಸ್ಪರರ ಪ್ರಯೋಗಕ್ಕೆ ಇಬ್ಬಿಬ್ಬರನ್ನು ಕಳುಹಿಸುವ ಏರ್ಪಾಡು ಕಡಿಮೆ ವೆಚ್ಚದ್ದು: ಒಬ್ಬರು ತಲೆ ಎಣಿಸಲು, ಇನ್ನೊಬ್ಬರು ಯಾವ ಗಳಿಗೆಯಲ್ಲಿ ಸಭೆ ನಕ್ಕಿತು, ಸ್ತಬ್ಧವಾಯಿತು, ಕುರ್ಚಿ ಸರಿಸಿತು ಎಂದು ಬರೆಯಲು. ಅವರ ಜಾಗ ಮುಂದಿನ ಸಾಲಿನ ಗಣ್ಯರ ಪಕ್ಕದಲ್ಲಲ್ಲ. ರಂಗವೂ ಸಭೆಯೂ ಒಟ್ಟಿಗೆ ಕಾಣುವಂತೆ, ಗೋಡೆಯ ಬದಿಯಲ್ಲಿ ಹನ್ನೆರಡು ಹಸ್ತಗಳಷ್ಟು ಹಿಂದೆ ಎರಡು ಕುರ್ಚಿ ಹಾಕಿದರೆ ಆಯಿತು.